ಇಳಿಸದ ಭಂಡಾರ

ಗಂಗುಬಾಯಿಯ ಪಾದಗಳನ್ನು ನಾನು ನಾಲ್ಕು ಜಿಲ್ಲೆಗಳಲ್ಲಿ ತೋರಿಸಿದ್ದೇನೆ. ಕಾಲೇಜುಗಳಲ್ಲಿ, ಕಾರ್ಯಕರ್ತರ ಶಿಬಿರಗಳಲ್ಲಿ, ಒಮ್ಮೆ ಹೈದರಾಬಾದಿನ ಎಸಿ ಹಾಕಿದ ದೊಡ್ಡ ಹಾಲ್‌ನಲ್ಲಿ ಕೂಡ. ಪರದೆಯ ಮೇಲೆ ಎರಡು ಬರಿಗಾಲು, ಕಚ್ಚೆ ಸೀರೆಯ ಅಂಚಿನ ತನಕ ಧೂಳು, ಹಿಂದೆ ಕಂಬಳಿ ಹೊದ್ದ ಮಂದಿಯ ಸಾಲು. ಈ ಚಿತ್ರ ಬಂದ ಕೂಡಲೇ ನಾನು ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಿದ್ದೆ. ಹಾಗೆ ನಿಲ್ಲಿಸಿದರೆ ಜನ ಮೆಚ್ಚುತ್ತಾರೆಂದು ಎರಡನೇ ಭಾಷಣದಲ್ಲೇ ಗೊತ್ತಾಗಿತ್ತು. ಆಮೇಲೆ, ಹಕ್ಕು ಹಕ್ಕು ಎಂದು ಕೂಗಿದರೆ ಜನ ಬರುವುದಿಲ್ಲ, ಅವರ ಎದೆಯೊಳಗೆ ಮೊದಲೇ ಇರುವ ಅರ್ಥವನ್ನು ಮುಟ್ಟಿದರೆ ಮಾತ್ರ ಚಳವಳಿ ಹುಟ್ಟುತ್ತದೆ ಎನ್ನುತ್ತಿದ್ದೆ. ಆ ಮಾತು ಸುಳ್ಳಲ್ಲ, ಹೇಳುತ್ತಿದ್ದವನೇ ಸುಳ್ಳ. ಚಪ್ಪಾಳೆ ಮಾತ್ರ ಪ್ರತಿ ಸಲವೂ ಬೀಳುತ್ತಿತ್ತು.

ನಾನು ಸಂಜುಕುಮಾರ. ಬೀದರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ, ಚಿದ್ರಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ, ಅದು ಖರೆ. ಗಂಗುಬಾಯಿ ನನಗೆ ವರಸೆಯಲ್ಲಿ ದೊಡ್ಡವ್ವ. ಔರಾದ ತಾಲೂಕಿನ ಸಂತಪುರದಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮ ವಾಡಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳ ಬಗ್ಗೆ ಬರೆಯಲು ಕೂತಿದ್ದೇನೆ. ಬರೆದರೆ ಹೋಗುವುದು ನನ್ನ ಮಾನ ಎಂಬುದೂ ಗೊತ್ತಿದೆ.

ಭಾಲ್ಕಿ ತಾಲೂಕಿನ ಸಾಯಗಾಂವ ಅವಳ ತವರು. ಹದಿನೈದಕ್ಕೆ ಮದುವೆಯಾಗಿ ಬರುವಾಗ ಅಪ್ಪ ಕೊಟ್ಟ ಆರು ಕುರಿಗಳನ್ನು ತಾನೇ ಹೊಡೆದುಕೊಂಡು ಬಂದಳಂತೆ. ಬೀಗರ ಗಾಡಿ ಮುಂದೆ, ಮದುಮಗಳು ಕುರಿಗಳ ಜೊತೆ ಹಿಂದೆ, ಎರಡು ದಿನದ ದಾರಿ. ಗಂಡ ಸುಗ್ಗಿ ಮುಗಿದ ಮೇಲೆ ಹಿಂಡು ಕಟ್ಟಿಕೊಂಡು ತೆಲಂಗಾಣದ ಕಡೆ ಹೋಗುತ್ತಿದ್ದ. ಒಂದು ವರ್ಷ ಜ್ವರ ಹತ್ತಿ ಅಲ್ಲೇ ತೀರಿಕೊಂಡ. ಆಗ ಅವಳಿಗೆ ಮೂವತ್ತು ದಾಟಿರಲಿಲ್ಲ, ಮಗ ದತ್ತಾತ್ರಿ ಇನ್ನೂ ತೆವಳುತ್ತಿದ್ದ. ಮಾವನ ಮನೆಯವರು ಕುರಿ ಮಾರಿಬಿಡು ಎಂದರು. ಅವಳು ಗಂಡನ ಕೋಲು ತೆಗೆದುಕೊಂಡು ಹಿಂಡಿನ ಹಿಂದೆ ಹೊರಟಳು.

ಹೆಗಲ ಮೇಲೆ ಗಂಡಸರ ಹಾಗೆ ಕಂಬಳಿ, ಕಾಲಲ್ಲಿ ಟೈರಿನ ಅಟ್ಟೆ ಹಾಕಿದ ದಪ್ಪ ಚರ್ಮದ ಚಪ್ಪಲಿ. ಅವಳಿಗೆ ಇದ್ದೊಂದು ಶೋಕಿ ಎಂದರೆ ಆ ಚಪ್ಪಲಿ. ಭಾಲ್ಕಿಯಲ್ಲಿ ಗೊತ್ತಿದ್ದ ಒಬ್ಬನ ಹತ್ತಿರವೇ ಹೊಲಿಸಬೇಕು, ಬೇರೆಯವರದು ನಡೆಯುವುದಿಲ್ಲ. ಹೆಜ್ಜೆ ಇಟ್ಟರೆ ಕಿರ್ ಕಿರ್ ಸದ್ದು. ಆ ಸದ್ದು ಕೇಳಿದರೆ ಓಣಿಯ ಹುಡುಗರು ಆಟ ಬಿಟ್ಟು ಪುಸ್ತಕ ಹಿಡಿಯುತ್ತಿದ್ದೆವು. ಯಾರ ಮಗನಾದರೇನು, ಬೈಯುವ ಅಧಿಕಾರ ತನಗಿದೆ ಎಂದೇ ಅವಳು ತಿಳಿದಿದ್ದಳು. ತಾನು ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ನಾನು ಎಂ.ಎ. ಮುಗಿಸಿ ಬಂದ ದಿನ ಒಂದು ಟಗರು ಕಡಿಸಿ ಓಣಿಗೆಲ್ಲ ಊಟ ಹಾಕಿಸಿದಳು.

ನಮ್ಮ ವಾಡಿಯ ಪಕ್ಕದಲ್ಲಿ ಗಾಯರಾಣ ಇದೆ, ಎಂದರೆ ದನ ಕುರಿ ಮೇಯಲೆಂದು ಸರ್ಕಾರ ಹಿಂದಿನಿಂದ ಬಿಟ್ಟ ಜಾಗ. ಅದರ ನಡುವೆ ಒಂದು ಹೊಂಡ, ಬೇಸಿಗೆಯಲ್ಲೂ ಅದರ ತಳದಲ್ಲಿ ನೀರಿರುತ್ತದೆ. ಐದು ವರ್ಷದ ಹಿಂದೆ ಆ ಜಾಗವನ್ನು ಬಿಸಿಲಿನಿಂದ ಕರೆಂಟು ಮಾಡುವ ಒಂದು ಕಂಪನಿಗೆ ಕೊಟ್ಟರು. ತಂತಿ ಬೇಲಿ ಎದ್ದಿತು, ಹೊಂಡ ಬೇಲಿಯ ಒಳಗೆ ಹೋಯಿತು. ಓದಿದವನು ನಾನು, ಮುಂದಾಳು ನಾನೇ ಆದೆ. ಅರ್ಜಿ ಬರೆದೆ, ಕರಪತ್ರ ಹಂಚಿದೆ, ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿ ಹೇಳಿದೆ. ಔರಾದದ ತಹಸೀಲ ಕಚೇರಿ ಮುಂದಿನ ಮೊದಲ ಧರಣಿಗೆ ಬಂದವರು ಹನ್ನೊಂದು ಮಂದಿ. ಅದರಲ್ಲಿ ಇಬ್ಬರು ಫ್ಲೆಕ್ಸ್ ಕಟ್ಟಲು ಬಂದವರು. ಆ ಸಂಜೆ ಊರಿಗೆ ಹೋಗಿ ಕಟ್ಟೆಯ ಮೇಲಿದ್ದವರಿಗೆಲ್ಲ ಬಾಯಿಗೆ ಬಂದಂತೆ ಬೈದೆ.

ಅದೇ ತಿಂಗಳು ಕಲಬುರಗಿಯಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ಜನರ ಸಂಸ್ಕೃತಿಯೇ ಹೋರಾಟದ ಭಾಷೆಯಾಗಬೇಕು ಎಂದು ಅಲ್ಲಿ ಒಬ್ಬರು ಪಾಠ ಮಾಡಿದರು. ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ಭಂಡಾರ ನೆನಪಾಯಿತು.

ನಮ್ಮ ಕುರಿಯವರಲ್ಲಿ ಭಂಡಾರ ಎತ್ತುವುದು ಎಂದರೆ ಸಣ್ಣ ಮಾತಲ್ಲ. ಬೀರಪ್ಪನ ಗುಡಿಯ ಮುಂದೆ ಕರಿ ಕಂಬಳಿ ಹಾಸಿ, ಮೇಲೆ ಅರಿಶಿನದ ಪುಡಿ ಸುರಿಯುತ್ತಾರೆ. ಒಬ್ಬ ಮುಂದೆ ಬಂದು ಮಾತು ಹೇಳುತ್ತಾನೆ. ಒಪ್ಪಿದವರೆಲ್ಲ ಆ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಆ ಮಾತಿಗೆ ಕಟ್ಟುಬೀಳುತ್ತಾರೆ. ಎತ್ತಿದವನೇ ಅದನ್ನು ಇಳಿಸಬೇಕು. ಇಳಿಸುವುದಕ್ಕೆ ಎರಡೇ ದಾರಿ. ಕೆಲಸ ಆಗಿದ್ದರೆ ಅದೇ ಕಂಬಳಿಯ ಮೇಲೆ ಕೂತು ಮಾತು ತೀರಿತು ಎನ್ನಬೇಕು. ಆಗದಿದ್ದರೆ ನನ್ನಿಂದ ಆಗಲಿಲ್ಲ, ಸೋತೆ ಎಂದು ಎಲ್ಲರ ಮುಂದೆ ಹೇಳಿ, ಕಟ್ಟುಬಿದ್ದವರ ಹಣೆಯನ್ನು ಒದ್ದೆ ಕೈಯಿಂದ ಒರೆಸಬೇಕು. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಬೀರಪ್ಪನ ಪೂಜಾರಿ ಮಚ್ಛೇಂದ್ರ ಕಾಕಾ ಕಂಬಳಿ ಹಾಸಿದರು, ನಾನು ಎತ್ತಿದೆ. ಬೀರಪ್ಪನ ಅಂಗಳಕ್ಕೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ, ಗಾಯರಾಣವೂ ಬೀರಪ್ಪನ ಅಂಗಳವೇ, ನಮ್ಮ ಕುರಿ ಆ ಹೊಂಡದ ನೀರು ಕುಡಿಯುವ ತನಕ ನಾವು ಕಾಲಿಗೆ ಏನೂ ಹಾಕುವುದಿಲ್ಲ ಎಂದೆ. ಬರಿಗಾಲು ಫೋಟೋದಲ್ಲಿ ಚಂದ ಬರುತ್ತದೆ ಎಂದೂ ಆಗಲೇ ಎಣಿಸಿದ್ದೆ, ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಕಿರ್ ಕಿರ್ ಎಂದು ಸದ್ದು ಮಾಡುತ್ತ ಗಂಗುಬಾಯಿ ಅಂಗಳದ ಅಂಚಿಗೆ ಬಂದಳು, ಚಪ್ಪಲಿ ಕಳಚಿ ಹೊರಗಿಟ್ಟಳು, ಒಳಗೆ ಬಂದು ಭಂಡಾರ ಹಚ್ಚಿಕೊಂಡಳು. ಅವಳ ಹಿಂದೆ ಇಡೀ ವಾಡಿ ಬಂತು.

ಎಂಟು ದಿನಕ್ಕೆ ಸುತ್ತಲ ನಾಲ್ಕು ಊರಿನ ಕುರಿಯವರು ಸೇರಿಕೊಂಡರು. ಸಂತಪುರದಿಂದ ಔರಾದದ ತನಕ ಇನ್ನೂರು ಮಂದಿ ಬರಿಗಾಲಲ್ಲಿ ನಡೆದೆವು. ಹಕ್ಕಿನ ಮಾತಿಗೆ ಹನ್ನೊಂದು, ಭಂಡಾರಕ್ಕೆ ಇನ್ನೂರು. ತಹಸೀಲ್ದಾರರು ಹೊರಗೆ ಬಂದು ನಿಂತು ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ದೊಡ್ಡವ್ವನ ಕಾಲಿನ ಫೋಟೋ ಪತ್ರಿಕೆಯಲ್ಲಿ ಬಂತು, ಅದರ ಕೆಳಗೆ ನನ್ನ ಹೆಸರು ಬಂತು.

ನಾಲ್ಕು ತಿಂಗಳ ಮೇಲೆ ಬೀದರಿನಲ್ಲಿ ರಾಜಿಗೆ ಕರೆದರು. ಗಾಯರಾಣದ ಅರ್ಧ ನಮಗೆ ಬಿಡುವುದು, ಹೊಂಡ ಇರುವ ಅರ್ಧ ಕಂಪನಿಗೇ ಇರುವುದು, ಬೇಲಿಯ ಹೊರಗೆ ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸಿ ಟ್ಯಾಂಕರಿನಿಂದ ನೀರು ತುಂಬುವುದು. ನನಗೆ ಸಾಕಾಗಿತ್ತು. ಕಾಲೇಜಿನಲ್ಲಿ ರಜೆ ಮುಗಿದಿದ್ದವು. ಮೂರನೇ ವಾರದಿಂದಲೇ ನಾನು ಬೂಟು ಹಾಕಿಕೊಳ್ಳುತ್ತಿದ್ದೆ. ಬರಿಗಾಲಲ್ಲಿ ಪಾಠ ಮಾಡುವುದು ಸರಿಕಾಣುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದ್ದು ನನಗೆ ಒಳ್ಳೆಯ ನೆಪವಾಯಿತು. ಸಹಿ ಹಾಕಿದೆ, ಗೆದ್ದೆವು ಎಂದು ಪತ್ರಿಕೆಗೆ ಹೇಳಿದೆ, ಪೇಢೆ ತೆಗೆದುಕೊಂಡು ಊರಿಗೆ ಹೋದೆ. ದೊಡ್ಡವ್ವ ಪೇಢೆ ತೆಗೆದುಕೊಂಡಳು. ನನ್ನ ಬೂಟಿನ ಕಡೆ ಒಮ್ಮೆ ನೋಡಿದಳು.

ಭಂಡಾರ ಇಳಿಸಲು ನಾನು ಹೋಗಲಿಲ್ಲ. ಮಾತು ತೀರಿತು ಎಂದು ಕಂಬಳಿಯ ಮೇಲೆ ಕೂತು ಸುಳ್ಳು ಹೇಳುವ ಧೈರ್ಯ ನನಗೂ ಇರಲಿಲ್ಲ, ಯಾಕೆಂದರೆ ಒಂದು ಕುರಿಯೂ ಆ ಹೊಂಡದ ನೀರು ಕುಡಿದಿರಲಿಲ್ಲ. ಸೋತೆ ಎನ್ನಲು ಮನಸ್ಸಿರಲಿಲ್ಲ. ಆಗಲೇ ಭಾಷಣಕ್ಕೆ ಕರೆಯತೊಡಗಿದ್ದರು. ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಊರಿನಲ್ಲಿ ಉಳಿದವರು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡರು, ಎತ್ತಿದವನೇ ಬೂಟು ಹಾಕಿದ್ದಾನೆ, ನಮ್ಮದೇನು ಎಂದರಂತೆ. ಎಲ್ಲರೂ ಹಾಕಿಕೊಂಡಿರುತ್ತಾರೆ ಎಂದು ನಾನೂ ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳುವುದು ಸುಲಭವಿತ್ತು. ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ, ಹೋದರೂ ಅವ್ವನನ್ನು ಮಾತಾಡಿಸಿ ಅದೇ ಬಸ್ಸಿಗೆ ತಿರುಗಿ ಬರುತ್ತಿದ್ದೆ. ಒಂದೇ ಗೋಡೆಯ ಆಚೆ ಇದ್ದವಳ ಕಾಲು ನೋಡಲಿಲ್ಲ.

ಹೋದ ತಿಂಗಳು ಬೀದರಿನಲ್ಲೇ ಒಂದು ಉಪನ್ಯಾಸವಿತ್ತು. ಏರ್ಪಾಡು ಮಾಡಿದ್ದು ನನ್ನ ಸಹೋದ್ಯೋಗಿ ನಾಗಸೇನ. ಭಾಲ್ಕಿಯವರು, ಅವರ ಮನೆಯವರು ಅಪ್ಪನ ಕಾಲಕ್ಕೆ ಬೌದ್ಧರಾದವರು. ಎಂದಿನಂತೆ ಚಿತ್ರ ತೋರಿಸಿದೆ, ಎಂದಿನಂತೆ ಮಾತು ನಿಲ್ಲಿಸಿದೆ. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ನರ್ಸಿಂಗ್ ಕಲಿಯುವವರ ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಎದ್ದಳು.

"ಸರ್, ಈ ಫೋಟೋದಾಗಿನ ಮುದುಕಿ ಈಗೂ ಬರಿಗಾಲಲೇ ಅಡ್ಡಾಡ್ತಾಳರಿ. ಭಂಡಾರ ಯಾವಾಗ ಇಳಸ್ತೀರಿ ಅಂತ ಕೇಳಲಿಕ್ಕಿ ಬಂದೀನಿ."

ನನಗೆ ರೇಗಿತು. ಯಾರಮ್ಮ ನೀನು ಎಂದು ಗಡುಸಾಗಿಯೇ ಕೇಳಿದೆ.

"ಗಂಗುಬಾಯಿ ಮಮ್ಮಗಳರಿ. ದತ್ತಾತ್ರಿ ಮಗಳು, ಆರತಿ."

ನಾನು ಎತ್ತಿ ಆಡಿಸಿದ ಕೂಸು. ಗುರುತು ಹಿಡಿದಿರಲಿಲ್ಲ. ಅವಳು ಕೂಗಾಡಲಿಲ್ಲ, ಆಸ್ಪತ್ರೆಯಲ್ಲಿ ರೋಗಿಯ ಸಂಗತಿ ಹೇಳುವ ಹಾಗೆ ಹೇಳಿದಳು. ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಎಡಗಾಲಿನ ಹಿಮ್ಮಡಿ ಒಡೆದು ಒಳಗೆ ಮುಳ್ಳು ಮುರಿದು ಕೀವಾಗಿದೆ. ಚಪ್ಪಲಿ ಹಾಕದಿದ್ದರೆ ಕಾಲೇ ತೆಗೆಯಬೇಕಾದೀತು ಎಂದು ಡಾಕ್ಟರ್ ಹೇಳಿದ್ದಾರೆ. ಹಾಕಿಕೋ ಎಂದರೆ ಸಂಜ್ಯಾ ಬಂದು ಇಳಿಸಲಿ ಎನ್ನುತ್ತಾಳೆ. ನನ್ನ ಹಿಂದೆ ಪರದೆಯ ಮೇಲೆ ಆ ಕಾಲುಗಳು ಹಾಗೇ ಇದ್ದವು, ಆರಿಸಬೇಕೆಂದು ಗುಂಡಿ ಹುಡುಕಿದರೆ ಕೈಗೆ ಸಿಗಲಿಲ್ಲ.

ಹೊರಗೆ ಚಹಾ ಕುಡಿಯುವಾಗ ನಾನು ನಾಗಸೇನರ ಮುಂದೆ, ಸಭೆಯಲ್ಲಿ ಹೀಗೆ ಕೇಳುವುದು ಸರಿಯೇ, ಮನೆಗೆ ಬಂದು ಹೇಳಬಹುದಿತ್ತು ಎಂದು ಗೊಣಗಿದೆ. ಅವರು ಲೋಟ ಕೆಳಗಿಟ್ಟರು.

"ನಮ್ಮಪ್ಪ ಹಳೇ ದೇವರನ್ನ ಬಿಡುವಾಗ ಊರ ಮಂದೀನ್ನ ಕರದು, ಎಲ್ಲಾರ ಮುಂದ ಹೇಳಿ ಬಿಟ್ಟರಿ ಸರ್. ಹಿಡದ್ರೂ ಮಂದಿ ಮುಂದ, ಬಿಟ್ರೂ ಮಂದಿ ಮುಂದ. ನೀವು ಮಂದಿ ಮುಂದ ಹಿಡದು, ಒಬ್ಬರೇ ಬಿಟ್ಟೀರಿ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಬೇರೆಯವರನ್ನು ನಾನು ಎಷ್ಟೋ ಸಲ ಅಂದಿದ್ದೆ. ಆ ಚಹಾ ಪೂರ್ತಿ ಕುಡಿಯಲಾಗಲಿಲ್ಲ.

ಬಂದ ಭಾನುವಾರ ಬೀದರಿನಲ್ಲಿ ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆಯ ಚಪ್ಪಲಿ ಕೊಂಡು ಸಂತಪುರದ ಬಸ್ಸು ಹತ್ತಿದೆ. ಅಲ್ಲಿಂದ ನಡೆದೆ. ಆರತಿ ಹಿಂದಿನ ದಿನವೇ ಬಂದಿದ್ದಳು. ದೊಡ್ಡವ್ವ ಕುರಿ ಹಟ್ಟಿಯಲ್ಲಿ ಒಂದು ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಗೊರಸಿನ ಸಂದಿಯಿಂದ ಮುಳ್ಳು ತೆಗೆಯುತ್ತಿದ್ದಳು. ಅವಳ ಎಡಗಾಲಿಗೆ ಬಟ್ಟೆ ಸುತ್ತಿತ್ತು, ಬಟ್ಟೆಯ ಮೇಲೆ ಗೊಬ್ಬರದ ಮಣ್ಣು ಮೆತ್ತಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು ಉಂಡು ಬಂದೆಯೋ ಹಾಗೇ ಬಂದೆಯೋ ಎಂದು.

ಚಪ್ಪಲಿಯ ಚೀಲ ಮುಂದಿಟ್ಟೆ. ತೆಗೆದು ನೋಡಿದಳು, ಅಟ್ಟೆ ಒತ್ತಿ ನೋಡಿದಳು, ತಿರುಗಿ ಚೀಲದೊಳಗೆ ಇಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಯಾಕೆ ಹೀಗೆ ಮಾಡಿದೆ ದೊಡ್ಡವ್ವ, ಎಲ್ಲರೂ ಹಾಕಿಕೊಂಡರಲ್ಲ ಎಂದು ನಾನೇ ಕೇಳಿದೆ.

"ನೀ ಎತ್ತಿದ್ದು ನಾ ಹ್ಯಾಂಗ ಇಳಸಲಿ? ಮೊದಲ ಹಚ್ಗೊಂಡಾಕಿ ನಾ. ನಾನೂ ಚಪ್ಪಲ ಹಾಕ್ಕೊಂಡ್ರ ನಿನ್ನ ಮಾತು ಪೂರಾ ಹುಸಿ ಆಗ್ತದ. ಸಾಲಿ ಕಲತಾಂವ ಓಣ್ಯಾಗ ನೀ ಒಬ್ಬನೇ ಇದ್ದಿ. ಒಂದಿನ ಬರ್ತಾನ ಅಂದ್ಕೊಂಡು ಇದ್ದೀನಿ."

ದೊಡ್ಡ ಸಂಗತಿಯನ್ನು ಅವಳು ಇನ್ನೂ ಹೇಳಿರಲಿಲ್ಲ. ಹೋದ ವರ್ಷ ಕಂಪನಿಯವರು ನಮಗೆ ಬಿಟ್ಟ ಅರ್ಧಕ್ಕೂ ತಂತಿ ಹಾಕಿದರಂತೆ. ಸಿಮೆಂಟಿನ ತೊಟ್ಟಿಗೆ ಟ್ಯಾಂಕರ್ ಬರುವುದು ಅದಕ್ಕೂ ಮೊದಲೇ ನಿಂತಿತ್ತು. ಊರ ಮಂದಿ ಮತ್ತೆ ಬೀರಪ್ಪನ ಗುಡಿ ಮುಂದೆ ಕೂಡಿತ್ತು, ನಾಲ್ಕೂ ಊರಿನವರು ಬಂದಿದ್ದರು, ಮಚ್ಛೇಂದ್ರ ಕಾಕಾ ಕಂಬಳಿಯನ್ನೂ ತಂದಿದ್ದರು.

"ಮೊದಲಿಂದು ಇಳಿದದೇನು ಅಂತ ಹಿರೇರು ಕೇಳಿದ್ರು. ಇಳಿದಿಲ್ಲ ಅಂದೆವು. ಒಂದರ ಮ್ಯಾಲ ಇನ್ನೊಂದು ಎತ್ತಲಿಕ್ಕಿ ಬರೂದಿಲ್ಲಪಾ. ಕಂಬಳಿ ಹಾಸಲೇ ಇಲ್ಲ. ಎದ್ದು ಹೋದ್ರು ಎಲ್ಲಾರು."

ನನಗೆ ಫೋನ್ ಮಾಡಬಾರದಿತ್ತೆ ಎಂದೆ. ದತ್ತಾತ್ರಿ ಮೂರು ಸಲ ಮಾಡಿದ್ದನೆಂದು ಹೇಳಿದಳು. ನನಗೆ ನೆನಪಾಯಿತು. ಹೈದರಾಬಾದಿನ ಆ ಹಾಲ್‌ನಲ್ಲಿ ಜೇಬಿನೊಳಗೆ ಫೋನ್ ಅಲುಗಿತ್ತು, ಹೆಸರು ನೋಡಿ ಬಂದ್ ಮಾಡಿದ್ದೆ. ಜನರು ಹಂಚಿಕೊಂಡ ಅರ್ಥ ಚಳವಳಿಯನ್ನು ಹೇಗೆ ಕಟ್ಟುತ್ತದೆ ಎಂದು ಅಲ್ಲಿ ಹೇಳುತ್ತಿದ್ದೆ. ಅದೇ ಹೊತ್ತಿಗೆ ಇಲ್ಲಿ ನನ್ನ ದೆಸೆಯಿಂದ ಒಂದು ಚಳವಳಿ ಕಂಬಳಿ ಮಡಚಿಕೊಂಡು ಮನೆಗೆ ಹೋಗಿತ್ತು. ಹಟ್ಟಿಯ ಗೋಡೆಗೆ ಒರಗಿ ನಾನು ಅತ್ತೆ. ಐವತ್ತರ ಹತ್ತಿರ ಬಂದ ಗಂಡಸು ಅಳುವುದನ್ನು ಕುರಿಗಳು ನೋಡುತ್ತ ನಿಂತಿದ್ದವು, ದೊಡ್ಡವ್ವ ಮರಿಯ ಇನ್ನೊಂದು ಕಾಲು ಎತ್ತಿ ಹಿಡಿದು ಮುಳ್ಳು ಹುಡುಕುತ್ತಿದ್ದಳು.

ಭಂಡಾರ ಇಳಿಸುತ್ತೇನೆ ಎಂದು ನಾಲ್ಕೂ ಊರಿಗೆ ಹೇಳಿ ಕಳಿಸಿದೆ. ಹೊತ್ತು ಇಳಿಯುವ ಮುಂಚೆ ಮಚ್ಛೇಂದ್ರ ಕಾಕಾ ಕಂಬಳಿ ಹಾಸಿದರು. ನಾನು ಬೂಟು ಬಿಚ್ಚಿ ಅಂಗಳದ ಹೊರಗಿಟ್ಟೆ. ಎಷ್ಟು ಮಂದಿ ಬಂದಾರು ಎಂದುಕೊಂಡಿದ್ದೆ. ಇಡೀ ವಾಡಿ ಬಂದಿತ್ತು, ಪಕ್ಕದ ಊರುಗಳಿಂದಲೂ ಬೈಕಿನ ಮೇಲೆ ಬಂದಿದ್ದರು. ಸಾವಿರ ಮಂದಿಯ ಮುಂದೆ ನೀರು ಕುಡಿದ ಹಾಗೆ ಮಾತಾಡುವ ನಾನು ಮೂರೇ ಮಾತು ಹೇಳಿದೆ.

"ನನ್ನಿಂದ ಆಗಲಿಲ್ಲ. ನಾ ಸೋತೀನಿ. ಗೆದ್ದೀವಿ ಅಂತ ಐದು ವರ್ಷ ಊರೂರಿಗಿ ಸುಳ್ಳು ಹೇಳೀನಿ."

ಕಾಕಾ ನೀರಿನ ತಂಬಿಗೆ ಕೊಟ್ಟು, ಇನ್ನೂ ಕಟ್ಟು ಯಾರಿಗಿದೆಯೋ ಅವರು ಬರಲಿ ಎಂದರು. ದೊಡ್ಡವ್ವ ಒಬ್ಬಳೇ ಎದ್ದು ಕುಂಟುತ್ತ ಬಂದು ಕೂತಳು. ಕಾಕಾ ಅವಳ ಹಣೆಗೆ ಭಂಡಾರ ಹಚ್ಚಿದರು, ನಾನು ಒದ್ದೆ ಕೈಯಿಂದ ಒರೆಸಬೇಕಿತ್ತು. ಒಂದೇ ಸಲಕ್ಕೆ ಹೋಗಲಿಲ್ಲ, ಮೂರು ಸಲ ಒರೆಸಿದೆ. ಅವಳು ಕಣ್ಣು ಮುಚ್ಚಿಕೊಂಡು ಹಣೆ ಮುಂದೆ ಮಾಡಿ ಕೂತಿದ್ದಳು, ಜಳಕ ಮಾಡಿಸಿಕೊಳ್ಳುವ ಕೂಸಿನ ಹಾಗೆ.

ಆಮೇಲೆ ದತ್ತಾತ್ರಿಯನ್ನು ಕರೆದು ಏನೋ ತರಲು ಹೇಳಿದಳು. ಅವನು ತಂದದ್ದು ಆ ಟೈರಿನ ಚಪ್ಪಲಿ. ಚರ್ಮ ಬಿರುಕು ಬಿಡಬಾರದೆಂದು ಪ್ರತಿ ದೀಪಾವಳಿಗೆ ಅದಕ್ಕೆ ಎಣ್ಣೆ ಸವರಿ ಅಟ್ಟದ ಮೇಲೆ ಇಟ್ಟಿದ್ದಳಂತೆ. ಅಂಗಳದಾಚೆ ಹೋಗಿ ಕಾಲು ತೂರಿಸಿದಳು. ಐದು ವರ್ಷ ನೆಲ ತುಳಿದು ಪಾದ ಅಗಲವಾಗಿತ್ತು, ಅರ್ಧ ಮಾತ್ರ ಹೋಯಿತು. ನಾನು ತಂದದ್ದನ್ನೂ ಆರತಿ ಹಾಕಿ ನೋಡಿದಳು, ಅದೂ ಹಿಡಿಸಲಿಲ್ಲ. ಗಾಯ ಮಾಯಲಿ, ಅಳತೆ ಕೊಟ್ಟು ಹೊಸದು ಹೊಲಿಸೋಣ ಎಂದಳು. ದೊಡ್ಡವ್ವ ಹಳೆಯದರಲ್ಲೇ ಹಿಮ್ಮಡಿ ಹೊರಗೆ ಬಿಟ್ಟು ನಾಲ್ಕು ಹೆಜ್ಜೆ ನಡೆದಳು. ಕಿರ್ ಕಿರ್ ಸದ್ದು ಕೇಳಿ ನನ್ನ ಓರಗೆಯವರೆಲ್ಲ ನಕ್ಕರು, ಅವಳೂ ನಕ್ಕಳು.

ಕಂಬಳಿ ಮಡಚಲು ಕಾಕಾ ಬಾಗಿದರು. ಹಾಗೇ ಇರಲಿ ಎಂದು ಅವಳು ತಡೆದಳು. ಚಪ್ಪಲಿ ಬಿಟ್ಟು ಬಂದು ಕಂಬಳಿಯ ಮೇಲೆ ಕೂತು, ಈ ಸಲ ತಾನು ಎತ್ತುತ್ತೇನೆ, ಇಲ್ಲೇ ಇರುವವರು ಎತ್ತಿದರೆ ಇಳಿಸುವುದಕ್ಕೂ ಇಲ್ಲೇ ಇರುತ್ತಾರೆ ಎಂದಳು. ಕಾಲಿನ ಆಣೆ ಬೇಡ, ನಡೆಯಲಿಕ್ಕೆ ಕಾಲು ಬೇಕು. ಕುರಿ ಹೊಂಡದ ನೀರು ಕುಡಿಯುವ ತನಕ ಪ್ರತಿ ಸೋಮವಾರ ನಾಲ್ಕೂ ಊರಿನ ಹಿಂಡುಗಳನ್ನು ಹೊಡೆದುಕೊಂಡು ಹೋಗಿ ಬೇಲಿಯ ಗೇಟಿನ ಮುಂದೆ ಕೂರುವುದು. ನಾಳೆಯೇ ಸೋಮವಾರ, ನಾಳೆಯಿಂದಲೇ ಶುರು.

ಮಂದಿ ಸಾಲಾಗಿ ಬಂತು. ಆರತಿ ಹಚ್ಚಿಕೊಂಡಳು, ದತ್ತಾತ್ರಿ ಹಚ್ಚಿಕೊಂಡ, ನಡೆಯಲಾಗದ ಮುದುಕರನ್ನು ಕೈ ಹಿಡಿದು ತಂದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹಣೆ ಬಾಗಿಸಿದೆ. ಅವಳ ಕೈ ಭಂಡಾರದ ಮೇಲೆ ಹಾಗೇ ನಿಂತಿತು. ಸಿಟ್ಟಿನ ಒಂದು ಗೆರೆ ಕೂಡ ಅವಳ ಮುಖದ ಮೇಲೆ ಇರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದಾಗ ಮಾತಾಡಿಸುತ್ತಿದ್ದ ದನಿಯಲ್ಲೇ ಮಾತಾಡಿದಳು.

"ನಿನಗ ಬ್ಯಾಡಪಾ ಸಂಜು. ಸೋಮಾರ ನಿನಗ ಕಾಲೇಜ ಇರ್ತದ. ಹೋಗು, ಬೂಟ ಹಾಕ್ಕೋ. ದಾರ್ಯಾಗ ಮುಳ್ಳು ಭಾಳ ಅವ."

ಹಿಂದೆ ನಿಂತವರು ಮುಂದೆ ಬಂದರು. ನಾನು ಸಾಲಿನಿಂದ ಹೊರಗೆ ಬಂದೆ, ಅಂಗಳದಾಚೆ ಕಲ್ಲಿನ ಮೇಲೆ ಕೂತೆ, ಬೂಟು ಹಾಕಿಕೊಂಡೆ.